ಪೀರಪ್ಪ ಮಾರಲೊಲ್ಲದ ಕಾಂಟೆಸ್ಸಾ

ಝೆನ್‌ಗೆ ಎರಡು ಲಕ್ಷ ಹದಿನೆಂಟು ಸಾವಿರ. ಕಾಂಟೆಸ್ಸಾಕ್ಕೆ ಒಂದು ಲಕ್ಷ ನಲವತ್ತು ಸಾವಿರ.

ಚಿಕ್ಕ ಗಾಡಿ ತುಟ್ಟಿ, ದೊಡ್ಡ ಗಾಡಿ ಅಗ್ಗ. ಹಳೆಯ ಗಾಡಿಗಳ ಪೇಟೆಯಲ್ಲಿ ಇದು ಸೋಜಿಗದ ಮಾತಲ್ಲ. ಕೊಳ್ಳುವಾಗ ಉಳಿಸಿದ್ದನ್ನು ದೊಡ್ಡ ಗಾಡಿ ಪೆಟ್ರೋಲ್ ಪಂಪಿನಲ್ಲಿ ವಸೂಲಿ ಮಾಡುತ್ತದೆ. ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಹೋಗಿಬರಲು ಎಂಬತ್ತು ಕಿಲೋಮೀಟರು. ಲೀಟರಿಗೆ ಇಪ್ಪತ್ತೈದು ರೂಪಾಯಿ ಹಿಡಿದರೆ ಝೆನ್‌ಗೆ ನೂರಾ ಇಪ್ಪತ್ತೈದರ ಪೆಟ್ರೋಲು ಸಾಕು. ಕಾಂಟೆಸ್ಸಾಕ್ಕೆ ಇನ್ನೂರಾ ಇಪ್ಪತ್ತು ಬೇಕು, ಅದೂ ಓಡಿಸುವವನ ಕಾಲು ಹಗುರವಾಗಿದ್ದರೆ. ಎಸ್‌ಟಿ ಬಸ್ಸಿನಲ್ಲಿ ಇಬ್ಬರು ಹೋಗಿಬರಲು ಐವತ್ತೆರಡು.

ಸುಗಲಾಬಾಯಿ ಮತ್ತು ಉಜ್ವಲಾ ಎಸ್‌ಟಿಯಲ್ಲಿಯೇ ಬಂದಿದ್ದರು.

ಅಕ್ಕಲಕೋಟೆಯ ಬಸ್‌ಸ್ಟ್ಯಾಂಡಿನ ಹಿಂದೆ, ದಲಾಲ ಪೀರಪ್ಪನ ಅಂಗಳದಲ್ಲಿ, ಬೇವಿನ ಮರದ ಕೆಳಗೆ ಆ ಎರಡು ಗಾಡಿಗಳು ಅಕ್ಕಪಕ್ಕ ನಿಂತಿದ್ದವು. ಬಿಳಿಯ ಝೆನ್‌ಗೆ ಕರ್ನಾಟಕದ ನಂಬರು. ಕಡುನೀಲಿ ಕಾಂಟೆಸ್ಸಾದ ಬಾನೆಟ್ಟಿನ ಮೇಲೆ ಚೆಂಡುಹೂವಿನ ಹಾರ. ಪೀರಪ್ಪ ಎರಡೂ ಬೆಲೆಗಳನ್ನು ಒಂದೇ ಉಸಿರಿನಲ್ಲಿ ಹೇಳಿ, ಕಾಂಟೆಸ್ಸಾಕ್ಕೆ ಬೆನ್ನು ಕೊಟ್ಟು ನಿಂತ.

ಸುಗಲಾಬಾಯಿಗೆ ಮೊದಲ ಸಂಶಯ ಬಂದದ್ದು ಆ ಬೆನ್ನು ನೋಡಿ.

ಅವರು ಸೊಲ್ಲಾಪುರದ ಅಕ್ಕಲಕೋಟೆ ರಸ್ತೆಯಲ್ಲಿ ಮೂವತ್ತು ವರ್ಷದಿಂದ ಗಾಡಿಗಳ ಸೀಟ್ ಕವರ್ ಹೊಲಿಯುತ್ತಿದ್ದವರು. ಊರಿನ ಅರ್ಧಕ್ಕರ್ಧ ಕಾರುಗಳ ಸೀಟು ಬಿಚ್ಚಿ ನೋಡಿದ ಕೈ ಅದು. ಸೀಟಿನ ಸಂದಿಯಲ್ಲಿ ಸಿಕ್ಕ ಓಲೆ, ಚೀಟಿ, ಬಸ್ಸಿನ ಟಿಕೇಟು ನೋಡಿಯೇ ಎಷ್ಟೋ ಮನೆಗಳ ಗುಟ್ಟು ಅವರಿಗೆ ತಿಳಿದಿತ್ತು. ಯಾವುದನ್ನೂ ಅವರು ಅಂಗಡಿಯ ಹೊಸ್ತಿಲು ದಾಟಿಸಿದವರಲ್ಲ. ಅದಕ್ಕೇ ಜನ ಏನಾದರೂ ಕಳೆದಾಗ ಪೊಲೀಸ್ ಚೌಕಿಗೆ ಹೋಗುವ ಮೊದಲು ಅವರ ಹೊಲಿಗೆ ಮಷಿನಿನ ಮುಂದೆ ಬಂದು ಕೂಡುತ್ತಿದ್ದರು.

ಈ ಸಲ ಕಳೆದದ್ದು ಒಂದು ಕಾರು. ಟವೆಲ್ ವ್ಯಾಪಾರಿ ಶ್ರೀನಿವಾಸರ ಕೆಂಪು ಝೆನ್ ಮೂರು ವಾರದ ಹಿಂದೆ, ಮಂಗಳವಾರ ನಡುಮಧ್ಯಾಹ್ನ, ಗುರುಸಿದ್ಧನ ಗ್ಯಾರೇಜಿನಿಂದ ಮಾಯವಾಗಿತ್ತು. ಸರ್ವಿಸಿಂಗಿಗೆ ಬಂದ ಗಾಡಿ. ಕೀಲಿ ಗುರುಸಿದ್ಧನ ಮೊಳೆಯ ಮೇಲೆಯೇ ನೇತಾಡುತ್ತಿತ್ತು. ಗಾಡಿ ಮಾತ್ರ ಇರಲಿಲ್ಲ. ನಾಳೆ ಭಾನುವಾರ ಸಂಜೆಯೊಳಗೆ ಝೆನ್ ಸಿಗದಿದ್ದರೆ ಗುರುಸಿದ್ಧ ತನ್ನ ಗ್ಯಾರೇಜಿನ ಜಾಗವನ್ನು ಶ್ರೀನಿವಾಸರ ಹೆಸರಿಗೆ ಬರೆದುಕೊಡಬೇಕೆಂದು ನಾಲ್ಕು ಜನರ ಮುಂದೆ ತೀರ್ಮಾನವಾಗಿತ್ತು.

ಗುರುಸಿದ್ಧನ ತಂಗಿಯೇ ಉಜ್ವಲಾ. ವಿಮಾ ಆಫೀಸಿನಲ್ಲಿ ಗುಮಾಸ್ತೆ; ಅಣ್ಣನ ಗ್ಯಾರೇಜಿನಲ್ಲಿ ಬೆಳೆದವಳಾದ್ದರಿಂದ ಯಾವ ಗಾಡಿಯನ್ನಾದರೂ ಓಡಿಸುವವಳು. ಕಳೆದ ಝೆನ್‌ನ ಟೇಪ್ ರೆಕಾರ್ಡರು ನಿನ್ನೆ ಸೊಲ್ಲಾಪುರದ ಒಬ್ಬ ರೇಡಿಯೋ ರಿಪೇರಿಯವನ ಕಪಾಟಿನಲ್ಲಿ ಸಿಕ್ಕಿತ್ತು. ಅದನ್ನು ತನಗೆ ಮಾರಿದವನು ಪೀರಪ್ಪ ಎಂದು ಅವನು ಹೇಳಿದ್ದರಿಂದಲೇ ಇಂದಿನ ಈ ಸವಾರಿ. ಉಜ್ವಲಾ ಚಪಳಗಾಂವದಲ್ಲಿ ದವಾಖಾನೆ ಇಟ್ಟ ಡಾಕ್ಟರ್, ಸುಗಲಾಬಾಯಿ ಅವಳ ಮಾವಶಿ ಅಂದರೆ ತಾಯಿಯ ತಂಗಿ, ಇಬ್ಬರೂ ಕಾರು ಕೊಳ್ಳಲು ಬಂದವರು. ಬಸ್ಸಿನಲ್ಲಿ ಕಟ್ಟಿದ ಕತೆ ಇಷ್ಟೇ.

ಕತೆಯ ತೊಂದರೆ ಕೂಡಲೇ ಗೊತ್ತಾಯಿತು. ಡಾಕ್ಟರ್ ಎಂದ ತಕ್ಷಣ ಪೀರಪ್ಪ ಕುರ್ಚಿ ಎಳೆದು ಹತ್ತಿರ ಕೂತು, ಎರಡು ತಿಂಗಳಿಂದ ತನ್ನ ಬಲ ಮೊಣಕಾಲು ಮೆಟ್ಟಿಲೇರುವಾಗ ಕಟಕಟ ಅನ್ನುತ್ತದೆಂದೂ, ಊಟವಾದ ಮೇಲೆ ಎದೆಯಲ್ಲಿ ಗಾಳಿ ಹಿಡಿಯುತ್ತದೆಂದೂ ಶುರು ಮಾಡಿದ. ಉಜ್ವಲಾ ಒಂದು ಕ್ಷಣ ಸುಗಲಾಬಾಯಿಯ ಮುಖ ನೋಡಿದಳು. ಆಮೇಲೆ ಗಂಭೀರವಾಗಿ ಅವನ ಮೊಣಕಾಲು ಒತ್ತಿ ನೋಡಿ, ದಿನಕ್ಕೆ ಎಷ್ಟು ಚಹಾ ಎಂದು ಕೇಳಿದಳು. ಹದಿನಾಲ್ಕು ಎಂದ. ನಾಲ್ಕಕ್ಕೆ ಇಳಿಸಬೇಕು, ಬಸ್‌ಸ್ಟ್ಯಾಂಡಿನವರೆಗೆ ಸ್ಕೂಟರ್ ಬಿಟ್ಟು ನಡೆಯಬೇಕು ಎಂದಳು.

"ಗುಳಿಗಿ ಏನೂ ಬ್ಯಾಡೇನ್ರಿ ಡಾಕ್ಟರ್ ಬಾಯಿ?"

"ಮದಲ ಇಷ್ಟ ಮಾಡ್ರಿ. ಗುಳಿಗಿ ಆಮ್ಯಾಲ ನೋಡೂಣು."

ಪೀರಪ್ಪನಿಗೆ ಅಂಥ ಡಾಕ್ಟರ್ ಜನ್ಮದಲ್ಲಿ ಸಿಕ್ಕಿರಲಿಲ್ಲ. ಫೀಸು ಕೇಳಲಿಲ್ಲ, ಸೂಜಿ ಚುಚ್ಚಲಿಲ್ಲ. ಅವನು ಖುಷಿಯಿಂದ ಎದ್ದು ಝೆನ್‌ನ ಬಾಗಿಲು ತೆರೆದ.

ಒಂದೇ ಕೈ ಓಡಿಸಿದ ಗಾಡಿ ಎಂದು ಹೊಗಳಿದ. ಗಾಣಗಾಪುರ ಕಡೆಯ ಒಬ್ಬ ಹೆಡ್‌ಮಾಸ್ತರರು ಗುರುವಾರ ಗುರುವಾರ ದರ್ಶನಕ್ಕೆ ಮಾತ್ರ ತೆಗೆಯುತ್ತಿದ್ದರಂತೆ. ಮೀಟರು ಇಪ್ಪತ್ತೆಂಟು ಸಾವಿರ ತೋರಿಸುತ್ತಿತ್ತು.

ಸುಗಲಾಬಾಯಿ ಮೀಟರು ನೋಡಲಿಲ್ಲ. ಡ್ರೈವರ್ ಸೀಟಿನ ಬಲ ಅಂಚಿನ ಮೇಲೆ ಕೈಯಾಡಿಸಿದರು. ಹತ್ತಿಳಿಯುವಾಗ ತೊಡೆ ಉಜ್ಜುವ ಜಾಗ ಅದು. ಒಳಗಿನ ಫೋಮು ಪುಡಿಯಾಗಿ ಕವರಿನ ಕೆಳಗೆ ತೊಟ್ಟಿಲಿನಂತೆ ತಗ್ಗು ಬಿದ್ದಿತ್ತು. ಬಗ್ಗಿ ಕ್ಲಚ್ಚಿನ ಪೆಡಲ್ ನೋಡಿದರು. ರಬ್ಬರಿನ ಗೆರೆಗಳೆಲ್ಲ ಅಳಿಸಿ ಹಪ್ಪಳದಂತೆ ಸಪಾಟಾಗಿತ್ತು.

"ಪೀರಪ್ಪಣ್ಣಾ, ನಿಮ್ಮ ಹೆಡ್‌ಮಾಸ್ತರ್ರು ಗುರುವಾರ ಒಂದ ದಿನ ನಲವತ್ತ ಸಲ ಹತ್ತಿ ಇಳೀತಿದ್ರೇನು?" ಎಂದರು. "ಇದು ಔಷಧ ಮಾರಾಂವ ಓಡಿಸಿದ ಗಾಡಿ. ಎಂಬತ್ತು ಸಾವಿರದ ಮ್ಯಾಲ ಹೋಗ್ಯದ. ಮೀಟರ್ ಹಿಂದಕ್ಕ ತಿರುಗಸಾಕ ಬರತದ, ಸವದ ಸೀಟ ತಿರುಗಸಾಕ ಬರೂದಿಲ್ಲ."

ಪೀರಪ್ಪ ಬೇಸರ ಮಾಡಿಕೊಳ್ಳಲಿಲ್ಲ. ಹಿಡಿದುಬಿಟ್ಟರಲ್ಲ ಎಂಬಂತೆ ನಕ್ಕ. ಹದಿನೆಂಟು ಸಾವಿರ ಅಲ್ಲೇ ಬಿಟ್ಟು ಎರಡು ಲಕ್ಷಕ್ಕೆ ಇಳಿದ.

ಉಜ್ವಲಾ ಅದನ್ನು ದುಧನಿ ರಸ್ತೆಯಲ್ಲಿ ನಾಲ್ಕು ಕಿಲೋಮೀಟರು ಓಡಿಸಿ ತಂದಳು. ಸುಗಲಾಬಾಯಿ ಪಕ್ಕದಲ್ಲಿ, ಪೀರಪ್ಪ ಹಿಂದೆ. ಗೇರು ಬೆಣ್ಣೆಯಂತೆ ಬೀಳುತ್ತಿತ್ತು. ಎಂಬತ್ತು ದಾಟಿದಾಗ ಹಿಂದಿನಿಂದ ಪೀರಪ್ಪ ಅಕ್ಕಲಕೋಟೆಯ ಸ್ವಾಮಿ ಸಮರ್ಥರ ಹೆಸರು ಹೇಳತೊಡಗಿದ. ತೊಂಬತ್ತಕ್ಕೆ ಸ್ವರ ಏರಿತು. ಒಂದು ಎತ್ತಿನ ಬಂಡಿಯನ್ನೂ ಒಂದು ಕಬ್ಬಿನ ಟ್ರಾಕ್ಟರನ್ನೂ ಒಂದೇ ಬೀಸಿನಲ್ಲಿ ದಾಟಿಸಿದ ಉಜ್ವಲಾ, ತಾನು ಡಾಕ್ಟರೆಂಬುದನ್ನು ಮರೆತು ಸಿಳ್ಳೆಯಲ್ಲಿ ಹಾಡು ಹಾಕುತ್ತಿದ್ದಳು. ಸುಗಲಾಬಾಯಿ ಅವಳ ತೊಡೆಗೆ ಮೆಲ್ಲಗೆ ಚಿವುಟಿದರು.

ಅಷ್ಟರಲ್ಲಿ ಅವರ ಕೆಲಸವೂ ಮುಗಿದಿತ್ತು. ಬಾಗಿಲಿನ ರಬ್ಬರು ಎತ್ತಿ ನೋಡಿದ್ದರು, ಒಳಗೂ ಬಿಳಿಯೇ. ಕೆಂಪಿನ ಮೇಲೆ ಬಿಳಿ ಬಳಿದದ್ದಲ್ಲ. ಸೀಟಿನ ಅಡಿಯ ತಂತಿಯ ಕೊಂಡಿಗಳನ್ನು ಯಾರೂ ಬಿಚ್ಚಿರಲಿಲ್ಲ. ಶ್ರೀನಿವಾಸರ ಝೆನ್‌ನ ಸೀಟನ್ನು ಬಿಚ್ಚಿ ಕವರ್ ಹಾಕಿದವರು ಸುಗಲಾಬಾಯಿಯೇ.

ಇದು ಅದಲ್ಲ.

ಅಂಗಳಕ್ಕೆ ಮರಳಿ, ಪೀರಪ್ಪ ಚಹಾ ಹೇಳಲು ಹೋದಾಗ ಉಜ್ವಲಾಳ ಮುಖ ಸಣ್ಣಗಾಗಿತ್ತು. ನಾಳೆ ಸಂಜೆಗೆ ಮೂವತ್ತು ತಾಸು ಉಳಿದಿದೆ ಎಂದು ಅವಳು ಎಣಿಸಿದಳು. ಅಣ್ಣ ನಿನ್ನೆಯಿಂದ ಊಟ ಬಿಟ್ಟಿದ್ದಾನೆ, ಗ್ಯಾರೇಜಿನ ಪಾನಾ-ಇಕ್ಕಳಗಳನ್ನು ಒಂದೊಂದಾಗಿ ಒರೆಸಿ ಡಬ್ಬಿಗೆ ಹಾಕುತ್ತಿದ್ದಾನೆ ಎಂದಳು. ಸುಗಲಾಬಾಯಿ ಅವಳಿಗೆ ಚೀಲದಿಂದ ಶೇಂಗಾ ಚಟ್ನಿ ಹಚ್ಚಿದ ಜೋಳದ ರೊಟ್ಟಿಯ ಸುರುಳಿ ಕೊಟ್ಟರು. ಹಸಿದ ಹೊಟ್ಟೆಯಲ್ಲಿ ದುಃಖ ದೊಡ್ಡದಾಗಿ ಕಾಣುತ್ತದೆಂಬುದು ಅವರ ಅನುಭವ.

"ಉಜ್ಜಿ, ಒಂದ ಮಾತ ಯೋಚನಿ ಮಾಡು. ಈ ಊರಾಗ ಝೆನ್ ತಾನ ಹೋಗತದ. ಮಾರೂದು ಬ್ಯಾಡ, ನಿಂದರಿಸಿದ್ರ ಸಾಕು. ದಲಾಲ ಬೆವರ ಸುರಸೂದು ದೊಡ್ಡ ಗಾಡಿಗೆ. ವರ್ಷಗಟ್ಲೆ ಬಿದ್ದಿರತದ, ಟೈರ್ ಕೊಳೀತಾವ. ಹಂಗಿದ್ದ ಮ್ಯಾಲ ಇಂವ ಕಾಂಟೆಸ್ಸಾದ ಸುದ್ದಿ ಒಂದ ಸಲ ಎತ್ತಲಿಲ್ಲ."

ಉಜ್ವಲಾ ಅಗಿಯುವುದನ್ನು ನಿಲ್ಲಿಸಿದಳು.

ಚಹಾ ಬಂದಾಗ ಅವಳು ಬದಲಾಗಿದ್ದಳು. ತನಗೆ ಝೆನ್ ಸಾಲದು ಎಂದು ಪೀರಪ್ಪನ ಮುಂದೆ ಪಟ್ಟು ಹಿಡಿದಳು. ತುಂಬು ಬಸುರಿಯನ್ನು ಮಲಗಿಸಿಕೊಂಡು ಸೊಲ್ಲಾಪುರಕ್ಕೆ ಒಯ್ಯಬೇಕಾಗುತ್ತದೆ, ಹಿಂದಿನ ಸೀಟು ಉದ್ದ ಬೇಕು. ರಸ್ತೆ ಕೆಟ್ಟದ್ದು, ಗಾಡಿಗೆ ತೂಕ ಬೇಕು. ತುಂಬಿದ ಗಾಡಿ ಏರಿನಲ್ಲಿ ಏದುಸಿರು ಬಿಡಬಾರದು, ಎಂಜಿನ್ನಿಗೆ ದಮ್ಮು ಬೇಕು. ಇದೆಲ್ಲ ನಿಜವೇ ಆದ್ದರಿಂದ ಪೀರಪ್ಪನಿಗೆ ಉತ್ತರ ಹುಡುಕುವುದು ಕಷ್ಟವಾಯಿತು.

ಕಾಂಟೆಸ್ಸಾ ಪೆಟ್ರೋಲು ಕುಡಿಯುತ್ತದೆ ಎಂದ. ಊರಿನ ಓಣಿಯಲ್ಲಿ ತಿರುಗುವುದಿಲ್ಲ ಎಂದ. ಹೆಣ್ಣುಮಕ್ಕಳ ಕೈಗೆ ಸ್ಟೇರಿಂಗ್ ಭಾರ ಎಂದ. ತನ್ನ ಮಾಲನ್ನು ತಾನೇ ಇಷ್ಟು ಬೈಯುವ ದಲಾಲನನ್ನು ಸುಗಲಾಬಾಯಿ ಮೊದಲ ಸಲ ಕಂಡರು. ಕೊನೆಗೆ, ಬ್ಯಾಟರಿ ಸತ್ತು ತಿಂಗಳಾಯಿತು, ಚಾಲೂ ಆಗುವುದೇ ಇಲ್ಲ ಎಂದ.

"ಅಯ್ಯ, ಕುಂತರ ನೋಡತೀನಿ ತಗೋರಿ. ಓಡಿಸಾಕ ನನಗೆಲ್ಲಿ ಬರತದ," ಎನ್ನುತ್ತ ಸುಗಲಾಬಾಯಿ ಹೋಗಿ ಬಾಗಿಲು ತೆಗೆದು ಡ್ರೈವರ್ ಸೀಟಿನಲ್ಲಿ ಕೂತುಬಿಟ್ಟರು. ಸೀರೆ ಸರಿಮಾಡಿಕೊಳ್ಳುವವರಂತೆ ಮುಂದೆ ಬಾಗಿದರು. ಮೊಣಕೈ ಹಾರ್ನಿನ ಮೇಲೆ ಬಿತ್ತು.

ಬೇವಿನ ಮರದ ಕಾಗೆಗಳೆಲ್ಲ ಒಟ್ಟಿಗೆ ಎದ್ದವು. ಪೀರಪ್ಪನ ಐದನೆಯ ಚಹಾ ಅಂಗಿಯ ಮೇಲೆ ಚೆಲ್ಲಿತು.

ಸತ್ತ ಬ್ಯಾಟರಿಗೆ ಗಂಟಲು ಚೆನ್ನಾಗಿದೆ ಎಂದಳು ಉಜ್ವಲಾ.

ಸುಗಲಾಬಾಯಿಯ ಬಲಗೈ ಅಭ್ಯಾಸದಂತೆ ಸೀಟಿನ ಬೆನ್ನಿಗೆ ಹೋಗಿತ್ತು, ಕವರಿನ ಕೆಳ ಅಂಚಿನಿಂದ ಒಳಗೆ. ಮೂವತ್ತು ವರ್ಷ ಅವರು ಅದೇ ಜಾಗದಲ್ಲಿ, ಗಿರಾಕಿ ಬೇಡಿದರೆ, ಒಂದು ಚಿಕ್ಕ ಚೀಲ ಇಟ್ಟು ಹೊಲಿಯುತ್ತಿದ್ದರು. ಚೀಲದಲ್ಲಿ ಅಕ್ಕಲಕೋಟೆಯ ಮಠದ ಅಂಗಾರ, ಅಂದರೆ ಸ್ವಾಮಿಯ ಸನ್ನಿಧಿಯ ಭಸ್ಮ. ಓಡಿಸುವವನ ಬೆನ್ನಿಗೆ ಅದು ಕಾವಲು ಎಂದು ಸೊಲ್ಲಾಪುರದ ತಾಯಂದಿರ ನಂಬಿಕೆ.

ಅವರ ಬೆರಳಿಗೆ ಹುಣಸೆಬೀಜದಷ್ಟು ಗಟ್ಟಿಯಾದದ್ದು ತಾಗಿತು.

ಸೊಂಟದಲ್ಲಿ ಸಿಕ್ಕಿಸಿದ ಕತ್ತರಿಯಿಂದ ಮೇಲಿನ ಎರಡು ಎಳೆ ಕತ್ತರಿಸಿ ಹೊರತೆಗೆದರು. ಹೆಬ್ಬೆರಳಿನಷ್ಟು ಚೀಲ. ಟವೆಲಿನ ಅಂಚಿನ ಬಟ್ಟೆ. ಎರಡು ನೀಲಿ ಗೆರೆ, ನಡುವೆ ಒಂದು ಹಳದಿ. ಸೊಲ್ಲಾಪುರದ ಸಾವಿರಾರು ಮಗ್ಗಗಳಲ್ಲಿ ಆ ಅಂಚು ಬೀಳುವುದು ಶ್ರೀನಿವಾಸರ ಮಗ್ಗದ ಮೇಲೆ ಮಾತ್ರ. ಬಾಯಿಗೆ ಹಾಕಿದ ಮೂರು ಸುತ್ತಿನ ಕಂದು ನೈಲಾನ್ ದಾರ ಅವರದೇ.

ಎರಡು ವರ್ಷದ ಹಿಂದೆ ಈ ಬಟ್ಟೆಯ ತುಂಡನ್ನು ಕೊಟ್ಟು ಚೀಲ ಹೊಲಿಸಿದವರು ಶ್ರೀನಿವಾಸರ ಹೆಂಡತಿ ದ್ವಾರಕಾ. ಸುಗಲಾಬಾಯಿಗೆ ಅವರು ಹೊಲಿಗೆ ಕ್ಲಾಸಿನ ಗೆಳತಿ. ಎಡಗೈಯಲ್ಲಿ ಸೂಜಿ ಹಿಡಿಯುತ್ತಾಳೆಂದು ಕ್ಲಾಸಿನ ಟೀಚರ್ ದ್ವಾರಕಾಳ ಬೆರಳಿಗೆ ಪಟ್ಟಿ ಏಟು ಕೊಡುತ್ತಿದ್ದಾಗ, ಪಕ್ಕ ಕೂತು ಎಡಗೈಯಲ್ಲೇ ಹೊಲಿಯಲು ಹೇಳಿಕೊಟ್ಟವರು ಸುಗಲಾಬಾಯಿ. ಹೋದ ಶನಿವಾರ ದ್ವಾರಕಾ ಅವರ ಅಂಗಡಿಗೆ ಬಂದು ಕಣ್ಣೀರು ಹಾಕಿ, ಗುರುಸಿದ್ಧ ಕಳ್ಳನಲ್ಲ, ನಮ್ಮವರು ಕೇಳುತ್ತಿಲ್ಲ, ಹೇಗಾದರೂ ಮಾಡಿ ಗಾಡಿ ಹುಡುಕು ಎಂದಿದ್ದರು. ಈ ಇಡೀ ಹುಡುಕಾಟ ಶುರುವಾದದ್ದೇ ಅಲ್ಲಿಂದ.

ಕೆಂಪು ಝೆನ್‌ನಲ್ಲಿ ಇರಬೇಕಾದ ಅಂಗಾರ ನೀಲಿ ಕಾಂಟೆಸ್ಸಾದಲ್ಲಿ ಇತ್ತು.

ಸುಗಲಾಬಾಯಿ ಇಳಿದು ಬಂದು ಚೀಲವನ್ನು ಪೀರಪ್ಪನ ಟೇಬಲ್ ಮೇಲೆ, ಒಂದು ಸ್ವಚ್ಛ ಕರವಸ್ತ್ರ ಹಾಸಿ ಇಟ್ಟರು. ಇದು ಸ್ವಾಮಿಗಳ ಅಂಗಾರ ಎಂದರು.

ಪೀರಪ್ಪ ಎದ್ದು ನಿಂತ. ಚಪ್ಪಲಿ ಬಿಟ್ಟ. ತಲೆಯ ಟೊಪ್ಪಿಗೆ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ಇಪ್ಪತ್ತು ವರ್ಷ ಮೀಟರು ತಿರುಗಿಸಿದ ಮನುಷ್ಯ. ಆದರೂ ಹುಟ್ಟಿ ಬೆಳೆದದ್ದು ಅಕ್ಕಲಕೋಟೆಯಲ್ಲಿ.

"ಪೀರಪ್ಪಣ್ಣಾ, ನಾ ಗಾಡಿ ತಗೊಳಾಕ ಬಂದಾಕಿ ಅಲ್ಲ. ಈ ಹುಡುಗಿ ಡಾಕ್ಟರೂ ಅಲ್ಲ. ಇಕಿ ಅಣ್ಣನ ಮ್ಯಾಲ ಝೆನ್ ಕದ್ದಾನಂತ ಸುಳ್ಳ ಹೊರಿಸ್ಯಾರ. ನಾಳಿ ಸಂಜಿಗಿ ಅವನ ಗ್ಯಾರೇಜ್ ಹೋಗತದ. ಇದರ ಮ್ಯಾಲ ಕೈ ಇಟ್ಟು ಹೇಳ್ರಿ, ಇದು ಈ ಗಾಡಿಗಿ ಹೆಂಗ ಬಂತು."

ಪೀರಪ್ಪ ಕೈ ಮುಂದೆ ತಂದ. ಚೀಲದ ಮೇಲೆ ಒಂದು ಗೇಣು ಎತ್ತರದಲ್ಲಿ ಅದು ನಿಂತಿತು. ಹಿಂದಕ್ಕೆ ತೆಗೆದುಕೊಂಡ.

"ಡಾಕ್ಟರ್ ಅಲ್ಲೇನ್ರಿ?" ಎಂದ, ಎಲ್ಲಕ್ಕಿಂತ ಅದೇ ದೊಡ್ಡ ನಷ್ಟವೆಂಬಂತೆ.

"ಚಹಾದ ಮಾತ ಖರೇನ ಅದರಿ. ಕಡಿಮಿ ಮಾಡ್ರಿ," ಎಂದಳು ಉಜ್ವಲಾ.

ಅವನು ಕೂತ. ಆಮೇಲೆ ಹೇಳಿದ್ದೆಲ್ಲ ಸರಾಗವಾಗಿ ಬಂತು. ಬಹಳ ದಿನದಿಂದ ಹೇಳಲು ಜನ ಹುಡುಕುತ್ತಿದ್ದವನಂತೆ.

ಗಾಡಿ ತಂದವನು ಪರಾಗ. ಶ್ರೀನಿವಾಸರ ಒಬ್ಬನೇ ಮಗ, ಇಪ್ಪತ್ತನಾಲ್ಕರ ತರುಣ. ಅವನಿಗೆ ಮೊದಲಿನಿಂದಲೂ ದೊಡ್ಡ ಗಾಡಿಯ ಹುಚ್ಚು. ಎರಡು ವರ್ಷದ ಹಿಂದೆ ತಂದೆ ಕಾರು ಕೊಳ್ಳುವಾಗ ಇದೇ ಅಂಗಳಕ್ಕೆ ಬಂದು ಇದೇ ಕಾಂಟೆಸ್ಸಾದಲ್ಲಿ ಕೂತಿದ್ದ. ತಂದೆ ಪೆಟ್ರೋಲಿನ ಲೆಕ್ಕ ತೋರಿಸಿ, ಸೊಲ್ಲಾಪುರಕ್ಕೆ ಹೋಗಿ ಝೆನ್ ಕೊಂಡರು. ಮಗ ಎರಡು ವರ್ಷ ಅದನ್ನು ಓಡಿಸಿದ, ಗುರುವಾರ ಬಂದಾಗಲೆಲ್ಲ ಈ ನೀಲಿ ಗಾಡಿಯ ಧೂಳು ತಾನೇ ಒರೆಸಿ ಹೋದ. ಮೂರು ವಾರದ ಹಿಂದೆ, ಮಂಗಳವಾರ ಎರಡೂವರೆಗೆ, ಝೆನ್ ತಂದು ನಿಲ್ಲಿಸಿ ಅದಲುಬದಲು ಮಾಡಿಕೊಡಿ ಎಂದ. ಕೈಯಲ್ಲಿ ಮನೆಯ ಎರಡನೆಯ ಕೀಲಿ.

ಪೀರಪ್ಪ ಝೆನ್ ಇಟ್ಟುಕೊಂಡ. ಟೇಪು ಬಿಚ್ಚಿ ಮಾರಿದ್ದು ತನ್ನ ಆತುರ ಎಂದು ಒಪ್ಪಿದ. ಆದರೆ ತಂದೆಯ ಸಹಿ ಬಿದ್ದ ವರ್ಗಾವಣೆಯ ಫಾರಂ ತರುವವರೆಗೆ ಕಾಂಟೆಸ್ಸಾ ಬಿಡುವುದಿಲ್ಲ ಎಂದಿದ್ದ. ಝೆನ್ ಸದ್ಯ ದುಧನಿಯಲ್ಲಿ, ಅವನ ಪರಿಚಯದ ಒಬ್ಬ ತೊಗರಿ ವ್ಯಾಪಾರಿಯ ಗೋದಾಮಿನಲ್ಲಿ ಗೋಣಿಚೀಲಗಳ ಹಿಂದೆ ನಿಂತಿದೆ. ಒಂದು ಗೀರೂ ಬಿದ್ದಿಲ್ಲ.

"ಹುಡುಗ ಎಲ್ಲಾ ಬಿಟ್ಟರೀ. ಹೊಸಾ ಮ್ಯಾಟು, ಸ್ಟೆಪ್ನಿ, ಛತ್ರಿ ಸುದ್ದಾ," ಎಂದ ಪೀರಪ್ಪ. "ಅಂಗಾರ ಬಿಡಲಿಲ್ಲ. ಸೀಟಿನ ಹಿಂದ ಕೈ ಹಾಕಿ ತಗದು, ಕಣ್ಣಿಗಿ ಒತ್ತಿ, ಕಿಸೇದಾಗ ಇಟ್ಕೊಂಡ. ನನಗ ಅವಾಗನ ಅನಸಿತ್ತು, ಇದು ಸರಳ ವ್ಯವಹಾರ ಅಲ್ಲಂತ."

ಸುಗಲಾಬಾಯಿಗೆ ಸಿಟ್ಟಿಗಿಂತ ಮರುಕವೇ ಹೆಚ್ಚಾಯಿತು. ಕೀಲಿ, ವೇಳೆ, ಗುರುಸಿದ್ಧ ಬಿಡಿಭಾಗ ತರಲು ಹೋಗುವ ಹೊತ್ತು, ಎಲ್ಲವನ್ನೂ ಸರಿಯಾಗಿ ಹೊಂದಿಸಿದ ಹುಡುಗ. ಅಮ್ಮ ಕಟ್ಟಿಸಿದ ಭಸ್ಮವನ್ನು ಕಂಡವರ ಕೈಗೆ ಬಿಟ್ಟುಹೋಗುವ ಧೈರ್ಯ ಮಾತ್ರ ಅವನಿಗೆ ಬಂದಿರಲಿಲ್ಲ. ಬೇರೆ ಊರಿನ ಕಳ್ಳನಾಗಿದ್ದರೆ ಅದನ್ನು ನೋಡುತ್ತಲೂ ಇರಲಿಲ್ಲ.

ಉಜ್ವಲಾ ಬರೆದದ್ದು ಏನಾದರೂ ಇದೆಯೇ ಎಂದು ಕೇಳಿದಳು. ಇತ್ತು. ಪೀರಪ್ಪ ಗಾಡಿ ಪಡೆದದ್ದಕ್ಕೆ ಚೀಟಿ ಬರೆದಿದ್ದ. ತಾರೀಖು, ವೇಳೆ, ಎಂಜಿನ್ ನಂಬರು, ಕೆಳಗೆ ಪರಾಗನ ಸಹಿ. ಕಾರ್ಬನ್ ಪ್ರತಿ ಅವನ ಪುಸ್ತಕದಲ್ಲಿತ್ತು. ಅವಳು ನಂಬರನ್ನು ತನ್ನ ಆಫೀಸಿನ ವಿಮಾ ಕಾಗದದ ನಂಬರಿನೊಂದಿಗೆ ಒಂದೊಂದೇ ಅಂಕಿ ಹಿಡಿದು ನೋಡಿದಳು. ಎರಡನೆಯ ಸಲ ನೋಡಿದಳು. ಆಮೇಲೆ ಕಣ್ಣು ಒರೆಸಿಕೊಂಡು, ಉಳಿದ ಅರ್ಧ ರೊಟ್ಟಿಯನ್ನು ಪೀರಪ್ಪನಿಗೆ ಕೊಟ್ಟಳು.

ಅವನು ಚೀಟಿ ಹರಿದುಕೊಟ್ಟ. ನಾಳೆ ಸಂಜೆ ನಾಲ್ಕು ಜನರ ಮುಂದೆ ಬಂದು ಇದನ್ನೇ ಹೇಳುತ್ತೇನೆ ಎಂದು ಮಾತು ಕೊಟ್ಟ. ಅಂಗಾರ ಟೇಬಲ್ ಮೇಲೆ ಇರುವಾಗ ಕೊಟ್ಟ ಮಾತು. ಅದಕ್ಕೆ ಸಾಕ್ಷಿ ಬೇಕಿರಲಿಲ್ಲ.

ಕೂಡಲೇ ಬಸ್‌ಸ್ಟ್ಯಾಂಡಿನ ಎಸ್‌ಟಿಡಿ ಬೂತಿಗೆ ಹೋಗಿ ಅಣ್ಣನಿಗೆ ಫೋನು ಮಾಡೋಣ, ಇನ್ನೇನು ಉಳಿಯಿತು ಎಂದಳು ಉಜ್ವಲಾ.

ಸುಗಲಾಬಾಯಿ ಕದಲಲಿಲ್ಲ. ಚೀಲವನ್ನು ಬೆಳಕಿಗೆ ಹಿಡಿದಿದ್ದರು.

ಚೀಲದ ಬಾಯಿಯ ಕಂದು ನೈಲಾನ್ ಹೊಲಿಗೆ ಅವರದು. ಆದರೆ ಚೀಲವನ್ನು ಕಾಂಟೆಸ್ಸಾದ ಕವರಿಗೆ ಕೂಡಿಸಿ, ಈಗ ಚೀಲದ ಅಂಚಿನಲ್ಲೇ ಉಳಿದಿದ್ದ ಹೊಲಿಗೆ ಬೇರೆ. ಬಿಳಿ ದಾರ, ಸಣ್ಣ ಸಣ್ಣ ಓರೆ ಹೊಲಿಗೆಯ ಟಾಕಿ, ಎಣಿಸಿದಂತೆ ಸಮ. ಸ್ಟೇರಿಂಗ್ ಹಿಡಿಯುವ ಹುಡುಗನ ಕೈಗೆ ಅದು ಬರುವಂಥದ್ದಲ್ಲ. ಅದಕ್ಕಿಂತ ಹೆಚ್ಚಾಗಿ, ಓರೆಯ ದಿಕ್ಕು ಉಲ್ಟಾ ಇತ್ತು. ಎಲ್ಲರ ಟಾಕಿ ಒಂದು ಕಡೆ ವಾಲಿದರೆ ಇದು ಇನ್ನೊಂದು ಕಡೆ ವಾಲಿತ್ತು, ಎಡಗೈಯ ಹೊಲಿಗೆಯಂತೆ.

ಹೋದ ವಾರದಲ್ಲಿ ಈ ಗಾಡಿಯ ಹತ್ತಿರ ಬೇರೆ ಯಾರಾದರೂ ಬಂದಿದ್ದರೇ ಎಂದು ಅವರು ಕೇಳಿದರು. ಧ್ವನಿ ಬಹಳ ಮೆಲ್ಲಗಿತ್ತು.

ಪೀರಪ್ಪ ನೆನಪು ಮಾಡಿಕೊಂಡ. ಈ ವಾರದ ಗುರುವಾರವಲ್ಲ, ಅದರ ಹಿಂದಿನ ಗುರುವಾರ ಒಬ್ಬ ಅಕ್ಕ ಬಂದಿದ್ದರು. ದರ್ಶನ ಮುಗಿಸಿ, ಕೈಯಲ್ಲಿ ಪ್ರಸಾದ ಹಿಡಿದು. ಗಾಡಿ ನೋಡಬೇಕು ಎಂದರು, ಬೆಲೆ ಕೇಳಲಿಲ್ಲ. ಹತ್ತು ನಿಮಿಷ ಒಳಗೆ ಕೂತರು. ತಾನು ಚಹಾ ತಂದಾಗ ಸೂಜಿದಾರವನ್ನು ತಮ್ಮ ಕೈಚೀಲಕ್ಕೆ ಹಾಕುತ್ತಿದ್ದರು. ಹೆಸರು ಹೇಳಲಿಲ್ಲ.

ಗುರುವಾರ. ಅದಾದ ಎರಡು ದಿನಕ್ಕೆ, ಶನಿವಾರ, ದ್ವಾರಕಾ ಅಂಗಡಿಗೆ ಬಂದು ಅತ್ತಿದ್ದರು.

ಉಜ್ವಲಾಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಅಂದರೆ ಮಗನ ಕಿಸೆಯ ಅಂಗಾರ ಅವರ ಕೈಗೆ ಬಂದಿತ್ತು; ಗಾಡಿ ಎಲ್ಲಿದೆ, ಯಾರು ತಂದರು ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಹುಡುಕು ಎಂದು ಯಾಕೆ ಕಳಿಸಿದರು ಎಂದು ಕೇಳಿದಳು. ಸುಗಲಾಬಾಯಿ ಚೀಲವನ್ನು ಮತ್ತೆ ಕರವಸ್ತ್ರದ ಮೇಲೆ ಇಟ್ಟರು. ಅಕ್ಕಲಕೋಟೆಯಲ್ಲಿ ಸೀಟಿನ ಬೆನ್ನಿಗೆ ಕೈ ಹಾಕಿ ಅಂಗಾರ ಹುಡುಕುವವರು ಯಾರು, ಆ ಟಾಕಿಯನ್ನು ಓದಬಲ್ಲವರು ಯಾರು ಎಂಬುದು ದ್ವಾರಕಾಗೆ ಚೆನ್ನಾಗಿ ತಿಳಿದಿತ್ತು. ಮಗನನ್ನು ಕಾಯಲು ಹೊಲಿದದ್ದೇ, ಹಿಡಿದುಕೊಡಲು ಹೊಲಿದದ್ದೇ?

ಬಾನೆಟ್ಟಿನ ಹಾರ ಯಾಕೆ ಎಂದು ಸುಗಲಾಬಾಯಿ ಆಗ ಕೇಳಿದರು.

"ಇವತ್ತ ಡಿಲಿವರಿ ಅದರಿ," ಎಂದ ಪೀರಪ್ಪ ತಲೆ ತಗ್ಗಿಸಿ. "ಅಪ್ಪಾಂದು ಸಹಿ ಆಗ್ಯದ, ಫಾರಂ ತಗೊಂಡ ಹನ್ನೆರಡಕ್ಕ ಬರತೀನಿ ಅಂತ ನಿನ್ನಿ ಹುಡುಗ ಫೋನ ಮಾಡಿದ್ದ. ಅದಕ್ಕ ನಿಮ್ಮನ್ನ ಹನ್ನೆರಡರೊಳಗ ಝೆನ್‌ದಾಗ ಹತ್ತಿಸಿ ಕಳಸಬೇಕಂತ ಇಷ್ಟ ಒದ್ದಾಡಿದೆ."

ಗೋಡೆಯ ಗಡಿಯಾರದಲ್ಲಿ ಹನ್ನೆರಡಕ್ಕೆ ಐದು ನಿಮಿಷವಿತ್ತು.

ಮೂವರೂ ಕಾದರು. ಶ್ರೀನಿವಾಸರು ಕಳೆದುಹೋದ ಗಾಡಿಯ ಫಾರಮ್ಮಿಗೆ ಸಹಿ ಹಾಕಿದ್ದು ಹೇಗೆ ಎಂದು ಉಜ್ವಲಾ ಎರಡು ಸಲ ಕೇಳಿದಳು. ಮಠದ ಕಡೆಯಿಂದ ಮಧ್ಯಾಹ್ನದ ಆರತಿಯ ಗಂಟೆ ಕೇಳಿಬಂತು.

ಗೇಟಿನ ಮುಂದೆ ಆಟೋ ನಿಂತಿತು. ಇಳಿದದ್ದು ಪರಾಗನಲ್ಲ.

ದ್ವಾರಕಾ ಒಬ್ಬರೇ ಇಳಿದರು. ಎಡಗೈಯಲ್ಲಿ ಫಾರಮ್ಮಿನ ಕಂದು ಲಕೋಟೆ ಹಿಡಿದಿದ್ದರು. ಅಂಗಳದೊಳಗೆ ನಾಲ್ಕು ಹೆಜ್ಜೆ ಇಟ್ಟು, ಟೇಬಲ್ ಮೇಲಿನ ಚೀಲ ನೋಡಿದರು. ಆಮೇಲೆ ಗೆಳತಿಯ ಮುಖ.

"ಸುಗಲಾ," ಎಂದರು, "ನೀ ನಾಳಿ ಬರತೀ ಅಂತ ತಿಳಿದಿದ್ದೆ. ನಮ್ಮವರ ಸಹಿ ನಾನ ಹಾಕೀನಿ, ಇವತ್ತ ಮಗಗ ಅವನ ಗಾಡಿ ಸಿಗಲಿ, ನಾಳಿ ಗುರುಸಿದ್ಧಗ ಅವನ ಗ್ಯಾರೇಜ್ ಉಳೀಲಿ ಅಂತ."

ಉಜ್ವಲಾಳ ಪರ್ಸಿನಲ್ಲಿ ಚೀಟಿ ಭದ್ರವಾಗಿತ್ತು. ಗುರುಸಿದ್ಧನ ಗ್ಯಾರೇಜು ಉಳಿಯಿತು. ಸುಗಲಾಬಾಯಿ ಕಳೆದುಕೊಂಡದ್ದು ಒಂದೇ: ಮೂವತ್ತು ವರ್ಷದ ಗೆಳತಿ ತಮ್ಮಿಂದ ಏನನ್ನೂ ಮುಚ್ಚಿಡಲಾರಳು ಎಂಬ ನಂಬಿಕೆ.